ಈಗ ನೀವ್ ಹೇಳ್ರಿ

ಶಾಮನೂರಿನಲ್ಲಿ ಶಾಲೆ ಯೂನಿಫಾರ್ಮ್ ಹೊಲಿಯುವ ಗಾರ್ಮೆಂಟ್ಸಿನಲ್ಲಿ ನಾನು ಕಟಿಂಗ್ ಮಾಸ್ಟರ್ ಆಗಿದ್ದೆ. ಅದರ ಮಾಲಕಿಗೆ ನಾವೆಲ್ಲ ಅಕ್ಕಾರು ಅನ್ನುತ್ತಿದ್ದೆವು. ಏನಾದರೂ ಹೇಳುವ ಮೊದಲು ಅವರು ಮಷಿನುಗಳನ್ನು ನಿಲ್ಲಿಸುವರು. ಹೇಳಿ ಮುಗಿಸಿ, ಕನ್ನಡಕ ತೆಗೆದು, "ಈಗ ನೀವ್ ಹೇಳ್ರಿ, ನಾ ಕೇಳ್ತೀನಿ" ಅನ್ನುವರು. ಅವರು ಹೇಳಿದ್ದನ್ನೇ ನಾವು ತಿರುಗಿ ಹೇಳಬೇಕು. ಇಪ್ಪತ್ತು ವರ್ಷ ಕತ್ತರಿ ಹಿಡಿದವನಿಗೆ ಮಗ್ಗಿ ಒಪ್ಪಿಸಿದ ಹಾಗಾಗಿ ಸಿಟ್ಟು ಬರುತ್ತಿತ್ತು.

ಒಮ್ಮೆ ಹರಿಹರದ ಶಾಲೆಯೊಂದರಿಂದ ಅಕ್ಕಾರು ಫೋನ್ ಮಾಡಿ ಆರ್ಡರ್ ಹೇಳಿದರು. ಮಷಿನುಗಳ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. ಆದರೂ "ಹೂಂ, ಹೂಂ" ಅಂದೆ. ಅವರಿಗೂ ಅವಸರವಿತ್ತು, ತಿರುಗಿ ಹೇಳಿಸದೆ ಫೋನ್ ಇಟ್ಟರು. ಸಂಜೆ ಅವರು ಬಂದು ನೋಡಿದರೆ, ನಾನು ಪ್ರತಿ ವರ್ಷದಂತೆ ಮುನ್ನೂರು ಅಂಗಿಗೂ ಅರ್ಧ ತೋಳು ಕತ್ತರಿಸಿಟ್ಟಿದ್ದೆ. ಈ ಸಲ ಶಾಲೆಯವರು ಕೇಳಿದ್ದು ಫುಲ್ ತೋಳು.

ಅಕ್ಕಾರು ಮಷಿನುಗಳನ್ನು ನಿಲ್ಲಿಸಿದರು.

"ತಪ್ಪು ನಂದು. ಫೋನಿನಾಗೆ ಹೇಳ್ದೆ, ವಾಪಸ್ ಕೇಳ್ಲಿಲ್ಲ" ಅಂದರು, ಎಲ್ಲರೆದುರಿಗೇ. ಆಮೇಲೆ ಕನ್ನಡಕ ತೆಗೆದು ನನ್ನತ್ತ ತಿರುಗಿದರು. "ಈಗ ನೀವ್ ಹೇಳ್ರಿ."

"ನಂಗೆ ಕೇಳಿಸಿರ್ಲಿಲ್ಲ ಅಕ್ಕಾರೆ. ಸುಮ್ನೆ ಹೂಂ ಅಂದೆ."

ಅವರು ಸ್ಟೂಲ್ ಎಳೆದುಕೊಂಡು ಕೂತು, ಮೊದಲಿನಿಂದ ಎಲ್ಲವನ್ನೂ ಹೇಳಿದರು. ಕನ್ನಡಕಕ್ಕೆ ಅವರ ಕೈ ಹೋಗುವ ಮೊದಲೇ ನಾನು ತಿರುಗಿ ಹೇಳತೊಡಗಿದ್ದೆ.