ದಾಭೋಳದ ಹಡಗಿನ ವಾದ ನಡೆದ ದಿನ

ರೆಹಾನಾ, ನಿನ್ನ ಅಣ್ಣನ ಫೋನು ಅಂದು ವಾದ ಮುಗಿದ ಮೇಲೆ ಬಂದದ್ದಲ್ಲ. ವಾದ ಶುರುವಾಗುವ ಮೊದಲೇ ಬಂದಿತ್ತು. ನಾನು ನಿನಗೆ ಹೇಳಲಿಲ್ಲ.

ಇಷ್ಟನ್ನು ನುಂಗಿಕೊಂಡೇ ಇಷ್ಟು ವರ್ಷ ನಿನ್ನ ಮನೆಯಲ್ಲಿ ಊಟ ಮಾಡಿದ್ದೇನೆ. ಹಬ್ಬಕ್ಕೆ ನೀನು ಎತ್ತಿಟ್ಟ ಶೀರಖುರ್ಮಾ ಕುಡಿದಿದ್ದೇನೆ. ಹೇಗೆ ಗಂಟಲಲ್ಲಿ ಇಳಿಯಿತೋ —

ಆಗ ನಾವಿಬ್ಬರೂ ವಿಜಯಪುರದಲ್ಲಿ ಕಾನೂನು ಓದುತ್ತಿದ್ದೆವು. ನೀನು ತಿಕೋಟಾದವಳು, ನಾನು ಬಬಲೇಶ್ವರದವಳು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅಣಕು ನ್ಯಾಯಾಲಯದ ಸ್ಪರ್ಧೆಗೆ ಸರ್ ಕೊಟ್ಟ ವ್ಯಾಜ್ಯ ಆದಿಲಶಾಹಿ ಕಾಲದ್ದು. ವಿಜಯಪುರದ ವ್ಯಾಪಾರಿಯೊಬ್ಬ ಕೊಂಕಣದ ದಾಭೋಳ ಬಂದರಿನ ಹಡಗಿನಲ್ಲಿ ತನ್ನ ಬಟ್ಟೆಯ ಗಂಟುಗಳಿಗೆ ಜಾಗ ಹಿಡಿದಿದ್ದ. ಎತ್ತುಗಳ ಮೇಲೆ ಹೇರಿದ ಸರಕು ಘಟ್ಟ ಇಳಿಯುವುದು ತಡವಾಯಿತು. ಹಡಗಿನ ನಾಯಕ ಆ ಜಾಗಕ್ಕೆ ಇನ್ನೊಬ್ಬರ ಮೆಣಸು ತುಂಬಿಕೊಂಡು ಹೊರಟುಬಿಟ್ಟ. ಮಳೆಗಾಲ ಬಂತು, ಬಟ್ಟೆಯೆಲ್ಲ ಬಂದರಿನಲ್ಲೇ ಕೊಳೆಯಿತು. ನಾವು ವ್ಯಾಪಾರಿಯ ಪರ. ನಡೆದ ಸಂಗತಿ ಮೊದಲು ನಾನು ಹೇಳಬೇಕು, ಆಮೇಲೆ ಕಾನೂನಿನ ವಾದ ನಿನ್ನದು. ಗೆದ್ದವರು ಮುಂದಿನ ಸುತ್ತಿಗೆ ಧಾರವಾಡಕ್ಕೆ.

ನನ್ನ ಅಪ್ಪ ಹೊಲಿಗೆ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನನ್ನನ್ನು ಕರಿಕೋಟಿನಲ್ಲಿ ಅವರು ನೋಡುವುದು ಅದೇ ಮೊದಲು — ಅಲ್ಲ, ಇದನ್ನು ಕಾರಣವೆಂದು ಮುಂದೆ ಮಾಡುತ್ತಿಲ್ಲ.

ನೀನು ಫೋನು ಬಂದ್ ಮಾಡಿ ಚೀಲದಲ್ಲಿಟ್ಟಿದ್ದೆ. ನಾನು ಇನ್ನೂ ವರಾಂಡದಲ್ಲಿದ್ದೆ. ನಿನ್ನ ಅಣ್ಣ ಸಲೀಂ ನನಗೆ ಫೋನು ಮಾಡಿದರು.

"ಸವಿತಾ, ರೆಹಾನಾನ ಫೋನ್ ಬಂದ್ ಐತಿ. ಅಮ್ಮಿಗೆ ಉಸಿರಾಡಾಕ ಆಗವಲ್ದು. ಆಕಿನ್ನ ಕೇಳಾಕತ್ತಾಳ. ಲಗೂನ ಕಳಸವ್ವಾ."

"ಈಗ ಕಳಸ್ತೇನ್ರಿ, ಭಾಯಿ," ಅಂದೆ.

ಜೀಪು ಹಿಡಿದಿದ್ದರೆ ತಿಕೋಟಾ ಎಷ್ಟರ ದಾರಿ? ನೀನು ಹೋದರೆ ನಮ್ಮ ವಾದವಿಲ್ಲ — ನನಗೆ ಕಂಡದ್ದು ಅದೊಂದೇ. ಅಮ್ಮಿಗೆ ಹಿಂದೆಯೂ ದಮ್ಮು ಏರಿದ್ದುಂಟು, ಇಳಿದದ್ದುಂಟು ಎಂದು ಆಗಲೇ ಅಂದುಕೊಂಡೆನೋ, ಆಮೇಲೆ ಕಟ್ಟಿಕೊಂಡೆನೋ... ನನ್ನ ಫೋನನ್ನೂ ಬಂದ್ ಮಾಡಿ, ಒಳಗೆ ಬಂದು ನಿನ್ನ ಪಕ್ಕ ಕೂತೆ.

"ಯಾರದ ಬೇ ಫೋನು?" ಅಂತ ನೀನು ಕೇಳಿದೆ.

"ನಮ್ಮವ್ವಂದು," ಅಂದೆ.

ನ್ಯಾಯಾಧೀಶರಾಗಿ ಕೂತಿದ್ದ ಹಿರಿಯ ವಕೀಲರು ನಿನ್ನನ್ನು ಕೇಳಿದರು: ಗಾಳಿ ತಿರುಗುವ ಮೊದಲು ಹಡಗು ಹೊರಡಲೇಬೇಕಿತ್ತಲ್ಲ, ನಾಯಕನ ತಪ್ಪೇನು? ನೀನು ಅಂದೆ:

"ಹೊರಟದ್ದು ತಪ್ಪಲ್ಲ, ಮಹಾಸ್ವಾಮಿ. ತಾನು ಕಾಯುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಹೇಳಿದ್ದರೆ ವ್ಯಾಪಾರಿ ಬೇರೆ ದಾರಿ ನೋಡಿಕೊಳ್ಳುತ್ತಿದ್ದ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ರೆಹಾನಾ.

ಗೆದ್ದೆವು. ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ನಿನ್ನನ್ನು ಬದಿಗೆ ಕರೆದು, "ಈಗ ಭಾಯಿ ಫೋನ್ ಮಾಡಿದ್ರು, ಅಮ್ಮಿಗೆ ಆರಾಮಿಲ್ಲಂತ," ಅಂದೆ. ಜೀಪಿನಲ್ಲಿ ದಾರಿಯುದ್ದಕ್ಕೂ ನೀನು ನನ್ನ ಕೈ ಬಿಡಲಿಲ್ಲ. ಮನೆಯ ಮುಂದೆ ಮಂದಿ ನಿಂತಿದ್ದರು.

"ಕಡೀತನಾ ಬಾಗಲಾ ನೋಡ್ಕೋತ ಮಲಗಿದ್ದಳವ್ವ," ಅಂದಳು ಪಕ್ಕದ ಮನೆಯ ಮುದುಕಿ. "ಈಗರೆ ಕಣ್ಣು ಮುಚ್ಚಿದಳು."

ಸಲೀಂ ಭಾಯಿ ನನ್ನನ್ನು ನೋಡಿದರು. ನಿನ್ನನ್ನು ಒಳಗೆ ಕರೆದೊಯ್ದರು.

ನೀನು ಧಾರವಾಡಕ್ಕೂ ಬರಲಿಲ್ಲ, ಮತ್ತೆ ಕಾಲೇಜಿಗೂ ಬರಲಿಲ್ಲ. ಈಗ ತಿಕೋಟಾದಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತೀ. ನಾನು ಇಲ್ಲಿ ವಿಜಯಪುರದಲ್ಲಿ ವಕೀಲಿ ಮಾಡುತ್ತೇನೆ. ನಿನ್ನ ಫೋನು ಸದಾ ಕೈಗೆಟುಕುವಲ್ಲೇ ಇರಬೇಕು, ಅಡುಗೆ ಮಾಡುವಾಗಲೂ, ಮಲಗಿದಾಗಲೂ. "ಅವತ್ತ ನಾ ಫೋನ್ ಬಂದ್ ಮಾಡಬಾರದಿತ್ತು ಬೇ," ಎಂದು ಇವತ್ತಿಗೂ ಅನ್ನುತ್ತೀ. ಅಂದಾಗಲೆಲ್ಲ ನಾನು "ಬಿಡು, ನಿನಗೇನ ಗೊತ್ತಿತ್ತು" ಅಂದಿದ್ದೇನೆ. ಸಮಾಧಾನ ಹೇಳಿದೆ! ನಾನು —

ಮೊನ್ನೆ ಜಮೀನಿನ ಕೆಲಸಕ್ಕೆಂದು ಸಲೀಂ ಭಾಯಿ ಕೋರ್ಟಿಗೆ ಬಂದಿದ್ದರು. ಚಹಾದ ಲೋಟ ಹಿಡಿದುಕೊಂಡೇ ಹೇಳಿದರು:

"ನೀ ಫೋನ್ ಎತ್ತಿದ್ದು ನಾ ಆಕಿಗೆ ಹೇಳಿಲ್ಲ. ಅಮ್ಮಿ ಅಂತೂ ಹೋದಳು, ಗೆಳತಿನೂ ಹೋಗೂದು ಬ್ಯಾಡ ಅನಿಸ್ತು. ಆದ್ರ ಆಕಿ ಇನ್ನೂ ತನ್ನನ್ನ ತಾನ ಬೈಕೊಳ್ಳಾಕತ್ತಾಳ, ಸವಿತಾ. ನನ್ನ ಕೈಲೆ ನೋಡಾಕ ಆಗವಲ್ದು."

ನಾಳೆ ತಿಕೋಟಾಕ್ಕೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ನಿಂತೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ. ಆದರೆ ಇದೊಂದನ್ನು ನಂಬು. ಅಮ್ಮಿಯ ಕಡೆಗೆ ನೀನು ತಡಮಾಡಿ ಬಂದವಳಲ್ಲ, ರೆಹಾನಾ. ನಿನ್ನನ್ನು ತಡೆದು ಕೂರಿಸಿದವಳು ನಾನು.