ಸುರಿದವರ ತಪ್ಪು

ಪುಣೆಯ ಫ್ಲ್ಯಾಟುಗಳ ಒಳಗೆ ನಿಂತಿರುವ ಗ್ರೀಕ್ ಕಂಬಗಳನ್ನು ಯಾರಾದರೂ ಎಣಿಸಿದರೆ ಗ್ರೀಸಿನವರೇ ನಾಚಿಕೊಂಡಾರು. ಅವುಗಳಲ್ಲಿ ಒಂದೂ ಏನನ್ನೂ ಹೊತ್ತಿಲ್ಲ. ಟಿವಿಯ ಎಡಕ್ಕೊಂದು ಬಲಕ್ಕೊಂದು ನಿಂತು ಮನೆಯವರ ಜೊತೆ ಧಾರಾವಾಹಿ ನೋಡುತ್ತವೆ. ಅವುಗಳಲ್ಲಿ ಸಾಕಷ್ಟನ್ನು ಹುಟ್ಟಿಸಿದವಳು ನಾನೇ ಆದ್ದರಿಂದ ನಗುವ ಹಕ್ಕು ನನಗಿದೆ.

ಅದೇ ಪುಣೆಯ ಧನಕವಡಿಯಲ್ಲಿ ನಮ್ಮದೊಂದು ತಗಡಿನ ಶೆಡ್ಡು. ಛಾವಣಿಗೆ, ಗೋಡೆಗೆ ಹಚ್ಚುವ ಪ್ಲಾಸ್ಟರಿನ ಹೂವು, ಬಳ್ಳಿ, ದೇವರು, ಸಿಂಹ ಎಲ್ಲದರ ಅಚ್ಚನ್ನೂ ಅಲ್ಲಿ ಮಾಡುತ್ತೇವೆ. ಮಾಡುತ್ತೇವೆ ಎಂದರೆ ನಾನು ಮಾಡುತ್ತೇನೆ, ಅಪ್ಪ ಸ್ಟೂಲಿನ ಮೇಲೆ ಕೂತು ಕೆಮ್ಮುತ್ತಾನೆ. ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಯಾದ ಅಪ್ಪನನ್ನು ಕಟ್ಟಡದ ಕಸುಬಿನವರೆಲ್ಲ ಉಸ್ತಾದ್ ಎನ್ನುತ್ತಾರೆ. ನನ್ನನ್ನು ಏನೂ ಎನ್ನುವುದಿಲ್ಲ.

ಗಿರಾಕಿಗಳ ವಿಷಯ ಕೇಳಲೇಬೇಡಿ. ಮಂಚ ಹಾಕಿದರೆ ಬಾಗಿಲು ಅರ್ಧ ಮಾತ್ರ ತೆರೆಯುವ ಕೋಣೆ, ಅದಕ್ಕೆ ಅರಮನೆಯ ಛಾವಣಿ ಬೇಕು. ಫ್ಯಾನಿನ ರೆಕ್ಕೆ ಗುಲಾಬಿಗೆ ತಾಗುತ್ತದೆ ಎಂದರೆ, ಫ್ಯಾನು ಬೇಡ ಬಿಡಿ, ಗುಲಾಬಿ ಇರಲಿ ಎನ್ನುತ್ತಾರೆ. ಏಪ್ರಿಲ್ ಬಂದಾಗ ಅವರೇ ಫೋನ್ ಮಾಡಿ ಗುಲಾಬಿ ಕಿತ್ತುಕೊಡಿ ಎನ್ನುತ್ತಾರೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ತಮ್ಮ ಬಾಗಿಲ ಮೇಲಿನ ಸಿಂಹವನ್ನು ಕನ್ನಡಕ ಏರಿಸಿ ಇಳಿಸಿ ನೋಡಿ, ಇದು ಹಸಿದ ಹಾಗಿದೆ, ಊಟ ಮಾಡಿದ ಸಿಂಹ ಸಿಗಬಹುದೇ ಎಂದು ಶುದ್ಧ ಮರಾಠಿಯಲ್ಲಿ ಬಹಳ ವಿನಯದಿಂದ ಕೇಳಿದರು. ಗಲ್ಲ ತುಂಬಿಸಿ ಕೊಟ್ಟೆ. ಈಗ ಅದು ಅವರ ಹಾಗೆಯೇ ಕಾಣುತ್ತದೆ, ಆದರೆ ಅವರಿಗೆ ಗೊತ್ತಾಗಿಲ್ಲ.

ಅಚ್ಚು ಮಾಡಲು ಎರಡು ದಾರಿಗಳಿವೆ. ಮೊದಲು ಜೇಡಿಮಣ್ಣಿನಲ್ಲಿ ಗೊಂಬೆ ಮಾಡಿ ಅದರ ಮೇಲಿಂದ ಅಚ್ಚು ತೆಗೆಯುವುದು ಒಂದು. ಅದು ಕೈ ಬಾರದವರ ದಾರಿ ಎಂದು ಅಪ್ಪನ ತೀರ್ಮಾನ. ಇನ್ನೊಂದು, ಪ್ಲಾಸ್ಟರಿನ ದಪ್ಪ ಹಲಗೆಯೊಳಗೇ ನೇರವಾಗಿ ತಗ್ಗು ಕೆತ್ತುವುದು. ಮೂಗು ಎದ್ದು ಬರಬೇಕಾದಲ್ಲಿ ಗುಳಿ ತೋಡಬೇಕು, ಎಡಕ್ಕೆ ಬರಬೇಕಾದ್ದನ್ನು ಬಲಕ್ಕೆ ಕೆತ್ತಬೇಕು. ಎಲ್ಲವೂ ತಿರುವುಮುರುವು. ನಮ್ಮದು ಈ ಎರಡನೆಯ ದಾರಿ.

ತಿರುವುಮುರುವಿನಲ್ಲಿ ತಲೆ ಕೆಡದಿರಲೆಂದು ಶೆಡ್ಡಿನ ಗೋಡೆಗೆ ಒಂದು ದೊಡ್ಡ ಕನ್ನಡಿ ತೂಗುಹಾಕಿದ್ದೇವೆ. ಅಚ್ಚನ್ನು ಅದಕ್ಕೆ ಹಿಡಿದರೆ ನಾಳೆ ಬರುವ ಎರಕ ಯಾವ ಕಡೆ ತಿರುಗಿರುತ್ತದೆ ಎಂಬುದು ಇವತ್ತೇ ಕಾಣುತ್ತದೆ. ಕನ್ನಡಿಗೆ ತೋರಿಸದೆ ಯಾರೂ ಅಚ್ಚಿಗೆ ಪ್ಲಾಸ್ಟರ್ ಸುರಿಯಬಾರದು, ಇದು ಅಪ್ಪ ಮಾಡಿದ ಕಟ್ಟಳೆ. ತಪ್ಪು ಬಂದರೆ ಅದು ಕೆತ್ತಿದವರದಲ್ಲ, ಸುರಿದವರದು.

"ಕೆತ್ತಾಂವ ಅಚ್ಚಿಗೆ ಮೂಗು ಹಚ್ಚಿ ಕೂತಿರ್ತಾನ, ಅವಗೇನ್ ಕಾಣಸ್ತದ? ಸುರಿಯಾಂವ ದೂರ ನಿಂತಿರ್ತಾನ. ನೋಡೂದು ಅವನ ಕೆಲಸ," ಎನ್ನುತ್ತಿದ್ದ.

ಒಮ್ಮೆ ಒಬ್ಬ ಕೆಲಸಗಾರ ನೋಡದೆ ಸುರಿದ. ಮುಖಾಮುಖಿ ನಿಲ್ಲಬೇಕಾದ ಎರಡು ನವಿಲುಗಳು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಂತೆ ಒಂದರ ಹಿಂದೊಂದು ನಿಂತವು. ಉಲ್ಟಾ ಕೆತ್ತಿದವನು ಅಪ್ಪ, ಬೈಸಿಕೊಂಡವನು ಕೆಲಸಗಾರ. ಈ ಕಟ್ಟಳೆ ಅದನ್ನು ಮಾಡಿದವನಿಗೆ ಎಷ್ಟು ಅನುಕೂಲವಾಗಿದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಹತ್ತು ವರ್ಷಗಳಿಂದ ಅಪ್ಪನ ಕೈ ನಡುಗುತ್ತದೆ. ಆವತ್ತಿನಿಂದ ಕೆತ್ತನೆಯೆಲ್ಲ ನನ್ನದು. ಗಿರಾಕಿಗಳು ಬಂದು "ಉಸ್ತಾದರ ಕೈ ಅಂದರೆ ಕೈ" ಎಂದಾಗ ಅಪ್ಪ ಆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆದೂಗುತ್ತಾನೆ. ಇವರು ಯಾರು ಎಂದು ನನ್ನ ಕಡೆ ನೋಡಿದರೆ ಉತ್ತರ ಸಿದ್ಧವಿರುತ್ತದೆ: "ಮಗಳ್ರಿ. ಚಹಾ ಭಾಳ ಚಲೋ ಮಾಡ್ತಾಳ." ಮೊಣಕೈವರೆಗೆ ಪ್ಲಾಸ್ಟರ್ ಮೆತ್ತಿಕೊಂಡು ನಿಂತವಳನ್ನು ಅವರೂ ಚಹಾ ಮಾಡುವವಳೆಂದೇ ನಂಬುತ್ತಾರೆ. ಕೆನ್ನೆಗೆ ಹತ್ತಿದ್ದನ್ನು ಪೌಡರ್ ಅಂದುಕೊಳ್ಳುತ್ತಾರೋ ಏನೋ. ನಾನು ಹೋಗಿ ಚಹಾ ಮಾಡುತ್ತೇನೆ. ಶೆಡ್ಡಿನಲ್ಲಿ ಇರುವುದೇ ಎರಡು ಕಪ್ಪು. ಒಂದು ಗಿರಾಕಿಗೆ, ಒಂದು ಉಸ್ತಾದರಿಗೆ. ಮಾಡಿದವಳಿಗೆ ಪಾತ್ರೆ ತೊಳೆಯುವ ಭಾಗ್ಯ.

ನನಗೆ ಬೇಕಾಗಿದ್ದದ್ದು ಬಹಳ ಸಣ್ಣದು. ಒಂದು ಸಲ, ಒಬ್ಬರ ಮುಂದೆ, ಇದು ಇವಳು ಕೆತ್ತಿದ್ದು ಎಂದು ಅಪ್ಪ ಹೇಳಬೇಕಿತ್ತು. ಐವತ್ತು ದಾಟಿದ ಹೆಂಗಸಿಗೆ ಇದೇನು ಚಪಲ ಎನ್ನುವವರು ಎನ್ನಲಿ. ಆ ಮಾತಿಗಾಗಿ ನಾನು ಹತ್ತು ವರ್ಷ ಹಲ್ಲು ಕಚ್ಚಿ ಕಾದಿದ್ದೆ.

ಹೀಗಿರುವಾಗ ಕರಾವಳಿಯ ಹೊಟೇಲಿನವರೊಬ್ಬರು ಬಂದರು. ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಅವರ ಹೊಸ ಹೊಟೇಲು ತೆರೆಯುವುದಿತ್ತು. ಗಲ್ಲಾದ ಹಿಂದಿನ ಗೋಡೆಗೆ ಒಂದು ಗಣಪತಿ, ಸುತ್ತ ಹೂವಿನ ಬಳ್ಳಿ ಬೇಕು ಎಂದರು.

"ಎಡಮುರಿ ಆಗ್ಬೇಕು, ಆಯ್ತಾ? ಸೊಂಡಿಲು ಬಲಕ್ಕೆ ತಿರುಗಿದ್ರೆ ಮತ್ತೆ ಮಡಿ, ನೇಮ, ಹೊತ್ತಿಗೆ ಸರಿಯಾಗಿ ನೈವೇದ್ಯ. ಅದೆಲ್ಲ ಹೊಟೇಲಲ್ಲಿ ಆಗುದಿಲ್ಲ. ಮತ್ತೆ ನಿಮ್ಮ ಕೈಯಿಂದಲೇ ಆಗ್ಬೇಕು ಮಾರಾಯ್ರೆ, ಬೇರೆಯವರ ಕೈ ಬೇಡ."

ಬೇರೆಯವರು ಎನ್ನುವಾಗ ಅವರ ಕಣ್ಣು ನನ್ನ ಮೇಲಿತ್ತು, ಕೈಯಲ್ಲಿ ನಾನು ಕೊಟ್ಟ ಚಹಾ ಇತ್ತು. ಅಪ್ಪ ಆಗಬಹುದು ಎಂದ. ಅವರು ಹೋದ ಮೇಲೆ ನಾನು ಸುಮ್ಮನೆ ಉಳಿಯನ್ನು ಕೈಗೆತ್ತಿಕೊಂಡರೆ ಅದನ್ನು ಕಸಿದುಕೊಂಡ.

"ನಾನಽ ಕೆತ್ತಾಂವ. ಮಾತು ಕೊಟ್ಟೀನಿ."

ನಾಲ್ಕು ದಿನ ಕೆತ್ತಿದ. ನನ್ನನ್ನು ಹತ್ತಿರ ಬಿಡಲಿಲ್ಲ. ಹೊಟೇಲಿನವರು ಬರೆದುಕೊಟ್ಟ ಚಿತ್ರವನ್ನು ಎದುರಿಗಿಟ್ಟುಕೊಂಡು, ಕೈ ನಡುಗಿದಾಗ ಮೊಣಕೈಯನ್ನು ಮೊಣಕಾಲಿಗೆ ಒತ್ತಿಕೊಂಡು ಕೆತ್ತಿದ. ಐದನೆಯ ದಿನ ಅಚ್ಚು ನನ್ನ ಮುಂದಿಟ್ಟು ಸುರಿ ಎಂದ. ಕೆಲಸ ಚೆನ್ನಾಗಿತ್ತು. ಸುಳ್ಳು ಹೇಳಲಾರೆ, ನನ್ನದಕ್ಕಿಂತ ಚೆನ್ನಾಗಿತ್ತು. ಆ ಕಿವಿಯ ಮಡಿಕೆಗಳನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಅಚ್ಚನ್ನು ಎತ್ತಿ ಕನ್ನಡಿಗೆ ಹಿಡಿದೆ. ಕನ್ನಡಿಯೊಳಗಿನ ಗಣಪತಿಯ ಸೊಂಡಿಲು ಬಲಕ್ಕೆ ತಿರುಗಿತ್ತು.

ಮತ್ತೊಮ್ಮೆ ನೋಡಿದೆ. ಅಪ್ಪ ಚಿತ್ರದಲ್ಲಿದ್ದದ್ದನ್ನು ಇದ್ದ ಹಾಗೇ ಕೆತ್ತಿಬಿಟ್ಟಿದ್ದ. ನಲವತ್ತು ವರ್ಷ ಎಲ್ಲವನ್ನೂ ತಿರುಗಿಸಿ ಕೆತ್ತಿದವನು, ಕಸುಬಿಗೆ ಹೊಸಬರು ಮೊದಲ ವಾರ ಮಾಡುವ ತಪ್ಪು ಮಾಡಿದ್ದ. ಹೇಳಿದ್ದರೆ ಮುಗಿದುಹೋಗುತ್ತಿತ್ತು. ಸೊಂಡಿಲಿನ ಗುಳಿ ತುಂಬಿ, ಮತ್ತೆ ಕೆತ್ತಲು ಎರಡು ದಿನ. ಹೊರಗಿನವರಿಗೆ ಸುಳಿವೂ ಸಿಗುತ್ತಿರಲಿಲ್ಲ.

ನಾನು ಹೇಳಲಿಲ್ಲ. ಒಂದು ಸಲ ಉಸ್ತಾದರ ಕೈ ಗಿರಾಕಿಯ ಮುಂದೆ ತಪ್ಪಲಿ ಅಂದುಕೊಂಡೆ. ಹಾಗಾದರೆ ಇಷ್ಟು ವರ್ಷ ಸರಿಯಾಗಿ ಮಾಡಿದ್ದು ಯಾರು ಎಂದು ಆಗಲಾದರೂ ಕೇಳುತ್ತಾರೆ. ಹಿಂದೆ ಸ್ಟೂಲಿನ ಮೇಲಿಂದ ಅಪ್ಪನ ದನಿ ಬಂತು.

"ಎಲ್ಲಾ ಬರೋಬರಿ ಅದ ಏನು?"

"ಅದ," ಎಂದೆ.

ಸಾಬೂನು ನೀರು ಸವರಿದೆ, ಎರಕ ಅಂಟದಿರಲೆಂದು ಎಣ್ಣೆ ಹಚ್ಚಿದೆ, ಪ್ಲಾಸ್ಟರ್ ಕಲಸಿ ಸುರಿದೆ, ಬೆನ್ನಿಗೆ ನಾರು ಹಾಸಿದೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯೇರುತ್ತದೆ. ಅದರ ಮೇಲೆ ಅಂಗೈ ಇಟ್ಟುಕೊಂಡು ಆರುವವರೆಗೆ ಕೂತಿದ್ದೆ. ಏಳು ಸಲವಾದರೂ ಬಾಯಿ ತೆರೆಯಬಹುದಿತ್ತು.

ಹೊಟೇಲಿನವರು ತಾವೇ ಒಯ್ಯಲು ಬಂದರು. ಗಣಪತಿಯನ್ನು ನೋಡಿದವರೇ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಮೊದಲು ಗಲ್ಲ ಬಡಿದುಕೊಂಡು ದೇವರ ಕ್ಷಮೆ ಕೇಳಿದರು, ಆಮೇಲೆ ನಮ್ಮ ಮೇಲೆ ಹರಿಹಾಯ್ದರು.

"ಎಂತ ಮಾರಾಯ್ರೆ ಇದು, ಬಲಮುರಿ! ಅಲ್ಲಿ ಗಿರಾಕಿ ಸಾಂಬಾರಿಗೆ ಕಾಯ್ತಾ ಇರುವಾಗ ನಾನು ಗಲ್ಲಾ ಬಿಟ್ಟು ಒದ್ದೆ ಪಂಚೆಯಲ್ಲಿ ನಿಲ್ಲುದಾ? ಯಾರು ಮಾಡಿದ್ದು ಇದು?"

ನಾನು ಅಪ್ಪನ ಮುಖ ನೋಡಿದೆ. ಈ ಗಳಿಗೆಗಾಗಿಯೇ ಕಾದಿದ್ದೆ. ಅಪ್ಪ ಸ್ಟೂಲಿನಿಂದ ಏಳಲೂ ಇಲ್ಲ.

"ನನ್ನ ಮಗಳ ಕೆಲಸರಿ ಇದು," ಎಂದ.

ಹತ್ತು ವರ್ಷ ಕಾದ ಮಾತು ಕೊನೆಗೂ ಬಂದಿತ್ತು. ಬಂದದ್ದು ಹೀಗೆ. ಹೊಟೇಲಿನವರು ಮೊದಲ ಬಾರಿಗೆ ನನ್ನ ಕೈಗಳನ್ನು ನೋಡಿದರು. "ಅದಕ್ಕೇ ನಾನು ಹೇಳಿದ್ದು, ಬೇರೆಯವರ ಕೈ ಬೇಡ ಅಂತ," ಎಂದು ಅಪ್ಪನಿಗೇ ಸಮಾಧಾನ ಹೇಳಿ, ನಾಲ್ಕು ದಿನದಲ್ಲಿ ಸರಿಯಾದದ್ದು ಬೇಕೆಂದು ಹೇಳಿ ಹೋದರು.

ಅವರ ಕಾರು ತಿರುವು ದಾಟುವವರೆಗೂ ನನಗೆ ತಾಳ್ಮೆ ಉಳಿಯಲಿಲ್ಲ.

"ಚಲೋ ಬಂದಿದ್ದೆಲ್ಲಾ ನಿಂದು, ಕೆಟ್ಟಿದ್ದೊಂದು ನಂದೇನಪಾ? ಕೆತ್ತಿದಾಂವ ನೀನು!"

"ಹೌದು, ಕೆತ್ತಿದಾಂವ ನಾನು. ಸುರಿದಾಕಿ ಯಾರು?"

"ಸುರಿಯೂಮುಂದ ನನಗ..."

"ಕನ್ನಡ್ಯಾಗ ಗಣಪ್ಪ ಒಬ್ಬನಽ ಕಾಣಸ್ತಾನ ಅಂದಕೊಂಡಿದ್ದಿ ಏನು? ನಿನ್ನ ಮಾರೀನೂ ಕಾಣಸ್ತಿತ್ತು," ಎಂದ ಅಪ್ಪ. "ಅದನ್ನ ನೋಡಿದ ಕೂಡ್ಲೆ ನನಗ ತಿಳೀತು, ಎಲ್ಲ್ಯೋ ತಪ್ಪೀನಿ ಅಂತ. ಹೇಳ್ತಾಳ ಅಂತ ಕಾದೆ. ಬರೋಬರಿ ಅದ ಏನಂತ ಬಾಯಿಬಿಟ್ಟು ಕೇಳಿದೆ. ಅದ ಅಂದಿ."

ಸಿಟ್ಟು ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲೇ ನಾಚಿಕೆಯೂ ಬಂದು ಕೂತಿತು. ಕೈ ನಡುಗುವ ಮುದುಕ ಕಾಣದೆ ತಪ್ಪಿದ್ದ. ನಾನು ಕಂಡು ಸುರಿದಿದ್ದೆ. ಆದರೂ ಅಷ್ಟಕ್ಕೇ ಬಿಟ್ಟರೆ ನಾನು ಆ ಅಪ್ಪನ ಮಗಳೇ ಅಲ್ಲ.

"ಆತು, ಸುರಿದ ತಪ್ಪು ನಂದು. ಒಪ್ಪಿದೆ. ಹಂಗಾರ ಹತ್ತು ವರ್ಷ ಕೆತ್ತಿದ್ದು ಯಾರದು? ಅದನ್ನ ಹೇಳೂದು ಯಾರ ಕೆಲಸ?"

ಅಪ್ಪ ಕೆಮ್ಮಿದ. ಬೇಕಾದಾಗ ಬರುವ ಕೆಮ್ಮು ಅದು.

ಆ ಬಲಮುರಿಯನ್ನು ಒಡೆಯುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಕನ್ನಡಿಯ ಪಕ್ಕದಲ್ಲೇ ತೂಗುಹಾಕಿದೆವು. ದೇವರ ವಿಷಯದಲ್ಲಿ ಯಾವತ್ತೂ ತಲೆ ಕೆಡಿಸಿಕೊಳ್ಳದ ಅಪ್ಪ ಮರುದಿನದಿಂದ ಸ್ನಾನ ಮಾಡಿ ಬಂದು ಅದರ ಮುಂದೆ ಗರಿಕೆ ಇಡತೊಡಗಿದ. ಹೊಟೇಲಿನವರ ಪಾಲಿನ ನೇಮ ಅವನ ಪಾಲಿಗೆ ಬಂತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಮೂರು ದಿನ ನಾನು ಕೆತ್ತಿದೆ. ಅಪ್ಪನ ಕಿವಿಯ ಮಡಿಕೆಗಳು ನನಗೆ ಬರಲಿಲ್ಲ, ಉಳಿದದ್ದೆಲ್ಲ ಬಂತು. ಮುಗಿದಾಗ ಅಪ್ಪ ಸ್ಟೂಲಿನಿಂದ ಎದ್ದು ಬಂದು, "ಈ ಸಲ ನಾ ಸುರೀತೇನಿ," ಎಂದ. ಅಚ್ಚನ್ನು ಎದೆಗೆ ಆನಿಸಿಕೊಂಡು ಕನ್ನಡಿಯ ಮುಂದೆ ನಿಂತ. ಬಹಳ ಹೊತ್ತು ನಿಂತ. ಕನ್ನಡಿಯಲ್ಲಿ ನನಗೂ ಅವನ ಮುಖ ಕಾಣುತ್ತಿತ್ತು. ಆಮೇಲೆ, "ಬರೋಬರಿ ಅದ," ಎಂದು ತಾನಾಗಿಯೇ ಹೇಳಿ, ಅರ್ಧ ಪ್ಲಾಸ್ಟರನ್ನು ಅಚ್ಚಿಗೂ ಅರ್ಧವನ್ನು ತನ್ನ ಧೋತರಕ್ಕೂ ಸುರಿದ.

ಹೊಟೇಲಿನವರು ಬಂದು ಸೊಂಡಿಲನ್ನು ಎರಡು ಸಲ ನೋಡಿ, ಚಪ್ಪಲಿ ಬಿಡದೆಯೇ ಕೈಮುಗಿದರು.

"ನೋಡಿ, ಉಸ್ತಾದರ ಕೈ ಅಂದ್ರೆ ಇದು!"

ನಾನು ಅಭ್ಯಾಸಬಲದಿಂದ ಸ್ಟವ್ ಕಡೆ ತಿರುಗಿದೆ. ಅಲ್ಲಿ ಆಗಲೇ ಅಪ್ಪ ನಿಂತಿದ್ದ. ಮೂರನೆಯ ಕಡ್ಡಿಗೆ ಸ್ಟವ್ ಹತ್ತಿಸಿ, ನಮ್ಮ ಕಡೆ ಬೆನ್ನು ಮಾಡಿಕೊಂಡೇ, "ಕೆತ್ತಿದಾಕಿ ಅಕಿರಿ. ಏನ್ ಕೇಳೂದಿದ್ರೂ ಅಕಿನ್ನ ಕೇಳ್ರಿ," ಎಂದ.

ಹೊಟೇಲಿನವರು ನನ್ನನ್ನು ನೋಡಿದರು, ಅಪ್ಪನ ಬೆನ್ನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಬಣ್ಣ ಹಚ್ಚುವ ಮೊದಲು ಎಷ್ಟು ದಿನ ಒಣಗಿಸಬೇಕು ಎಂದು ಕೇಳಿದರು. ಹೇಳಿದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು.

ಅಪ್ಪ ಎರಡೂ ಕೈಯಲ್ಲಿ ಎರಡು ಕಪ್ಪು ಹಿಡಿದು, ದಾರಿಯುದ್ದಕ್ಕೂ ತುಳುಕಿಸುತ್ತ ಬಂದ. ಒಂದನ್ನು ಅವರ ಮುಂದೆ ಇಟ್ಟ. ಇನ್ನೊಂದನ್ನು ನನ್ನ ಮುಂದೆ ಇಟ್ಟು, ಪಾತ್ರೆ ತೊಳೆಯಲು ಹೋದ.

ಚಹಾದಲ್ಲಿ ಸಕ್ಕರೆಯೇ ಇರಲಿಲ್ಲ. ಹಾಲು ಒಡೆದಿತ್ತು. ಹೊಟೇಲಿನವರು ಒಂದು ಗುಟುಕಿಗೇ ಕಪ್ಪು ಕೆಳಗಿಟ್ಟರು. ನಾನು ತಳದವರೆಗೂ ಕುಡಿದೆ.