ಎಂಟು ಮಂದಿಗೆ ಇಪ್ಪತ್ತೈದು ರೊಟ್ಟಿ

1996–97ನೇ ಸಾಲಿನಲ್ಲಿ ನಾನು ಹಲಸೂರಿನ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್ ಆಗಿದ್ದೆ. ಸರ್ವೀಸಿಗೆ ಹನ್ನೊಂದು ವರ್ಷ ತುಂಬಿತ್ತು. ಮಕ್ಕಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನೂ ಇಲ್ಲ ಎಂಬ ಜಂಬವೂ ತುಂಬಿತ್ತು. ಈ ಪ್ರಸಂಗ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆಗ ಅರ್ಧ ಸಿಟ್ಟು ನಮ್ಮ ಹೆಡ್ ಮಾಸ್ಟರ ಮೇಲಿತ್ತು, ಇನ್ನರ್ಧ ನನ್ನ ಮೇಲೆ.

ಶರಣಮ್ಮ ಎಂಟು ವರ್ಷದ ಹುಡುಗಿ. ಗುಲ್ಬರ್ಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಕೆರೆಯ ಹಿಂದಿನ ವಠಾರದಲ್ಲಿ ಎರಡು ಬಾಡಿಗೆ ಕೋಣೆ, ಎಂಟು ಜನ. ಓದುವುದರಲ್ಲಿ ಚುರುಕು, ಗಣಿತಕ್ಕೆ ಬೋರ್ಡಿನ ಮುಂದೆ ನಿಲ್ಲಿಸಿದರೆ ಮಾತ್ರ ಬಾಯಿಗೆ ಬೀಗ. ಭಾಗಾಕಾರದ ಚಿಹ್ನೆ ಕಂಡರೆ ಅಳುತ್ತಿದ್ದಳು. ಡಿಸೆಂಬರಿನ ಪೋಷಕರ ಸಭೆಯಲ್ಲಿ ಅವಳ ತಾಯಿ ಭೀಮವ್ವನಿಗೆ ಗದರಿಯೇ ಹೇಳಿದೆ: "ಮನೆಗೆಲಸ ಮಾಡಿಸ್ಬೇಡಿ. ಅಡುಗೆಮನೆ ಕಡೆ ಬಿಡ್ಲೇಬೇಡಿ. ದಿನಾ ಹತ್ತು ಸಲ ಮಗ್ಗಿ ಬರೀಲಿ." ಭೀಮವ್ವ ತಲೆಯಾಡಿಸಿ ಹೋದಳು.

ಫೆಬ್ರವರಿಗೆ ಹುಡುಗಿ ಇನ್ನೂ ಹಿಂದೆ ಬಿದ್ದಿದ್ದಳು. "ಇವಳದ್ದು ದಡ್ಡ ತಲೆ ಮೇಡಂ. ಮಾರ್ಚಲ್ಲಿ ನಾನೇ ಲೆಕ್ಕ ಕೇಳ್ತೀನಿ, ಹೇಳ್ದಿದ್ರೆ ಫೇಲ್" ಎಂದರು ಹೆಡ್ ಮಾಸ್ಟರು. ಫೇಲಾದರೆ ಶಾಲೆ ಬಿಡಿಸಿ ಊರಿಗೆ ಕಳಿಸುವುದೆಂದು ಅವಳಪ್ಪ ಆಗಲೇ ತೀರ್ಮಾನಿಸಿದ್ದ.

ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಭೀಮವ್ವ ಗಟ್ಟಿಯಾಗಿ ಲೋಟ ಎಣಿಸುತ್ತ ಜೋಳದ ರೊಟ್ಟಿಗೆ ಹಿಟ್ಟು ಅಳೆಯುತ್ತಿದ್ದಳು. ಶರಣಮ್ಮ ಗೋಡೆಗೆ ಮುಖ ಮಾಡಿ ಕೂತು ಮಗ್ಗಿ ಬರೆಯುತ್ತಿದ್ದಳು. ತಲೆಯೆತ್ತದೆಯೇ ಅಂದಳು: "ಅವ್ವಾ, ಐದು ಲೋಟ ಸಾಲಲ್ಲ. ಲೋಟಕ್ಕ ನಾಕು ರೊಟ್ಟಿ, ಇಪ್ಪತ್ತೇ ಆಗ್ತಾವ. ಎಂಟು ಮಂದಿಗಿ ತಲಿಗಿ ಮೂರಂದ್ರ ಇನ್ನೊಂದು ಲೋಟ ಹಾಕು."

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ತರಗತಿಯಲ್ಲಿ ಬಾರದ ಗುಣಾಕಾರ, ಭಾಗಾಕಾರ ಒಂದೇ ಉಸಿರಿಗೆ ಬಂದಿದ್ದವು.

"ಮೊದ್ಲೆಲ್ಲಾ ಹಿಟ್ಟಿನ ಲೆಕ್ಕ ಅಕಿದೇ ಇತ್ರೀ," ಎಂದಳು ಭೀಮವ್ವ. "ನೀವು ಬ್ಯಾಡ ಅಂದ್ರಿ, ಬಿಡಿಸಿದೆ. ಓದಿದೋರು ಹೇಳಿದ ಮ್ಯಾಲ ಸುಳ್ಳಿರ್ತದೇನ್ರಿ?"

ಅವಳು ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. "ನಂದೇ ತಪ್ಪಮ್ಮ. ಇವತ್ತಿಂದ ಲೋಟ ಅವಳ ಕೈಗೇ ಕೊಡಿ" ಎಂದೆ. ದಿನಾ ಮಾಡಿದ ರೊಟ್ಟಿಗೆಲ್ಲ ಸ್ಲೇಟಿನಲ್ಲಿ ಗೆರೆ ಎಳೆದು, ತಲೆಗಿಷ್ಟು ಎಂದು ಸುತ್ತು ಹಾಕಿ ತರಲು ಹೇಳಿದೆ. ಆಮೇಲೆ ಗೆರೆಗಳ ಪಕ್ಕದಲ್ಲಿ ಅಂಕಿ ಬರೆಸಿದೆ, ಕೊನೆಗೆ ಚಿಹ್ನೆ. ಮೂರು ವಾರದಲ್ಲಿ ಅಳು ನಿಂತಿತು.

ಮಾರ್ಚಿನಲ್ಲಿ ಹೆಡ್ ಮಾಸ್ಟರು ಬೋರ್ಡಿನ ಮೇಲೆ 25 ÷ 8 ಎಂದು ಬರೆದರು. ಸಮನಾಗಿ ಹಂಚಿಹೋಗದ ಲೆಕ್ಕವನ್ನೇ ಬೇಕೆಂದು ಆರಿಸಿದ್ದರು. ಶರಣಮ್ಮ ಸೀಮೆಸುಣ್ಣ ಹಿಡಿದು ಬೋರ್ಡನ್ನೇ ನೋಡಿದಳು. ಅವರು ಅರ್ಧ ನಿಮಿಷವೂ ಕಾಯದೆ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಪೆನ್ ಕೆಳಗಿಡಿ ಸಾರ್!" ಎಂದೆ. "ಶರಣಮ್ಮ, ರೊಟ್ಟಿ ಅಂದ್ಕೊಂಡು ಹೇಳು."

"ಇದು ಶಾಲೆ ಮೇಡಂ, ಅಡುಗೆಮನೆ ಅಲ್ಲ."

"ಅಲ್ಲಿ ಬರೋ ಲೆಕ್ಕ ಇಲ್ಲಿ ಬರ್ಲಿಲ್ಲ ಅಂದ್ರೆ ತಪ್ಪು ಯಾರ್ದು ಸಾರ್?"

ಅಷ್ಟರಲ್ಲಿ ಹುಡುಗಿ ಬರೆದಿದ್ದಳು: ಭಾಗಲಬ್ಧ 3, ಶೇಷ 1. ಹೆಡ್ ಮಾಸ್ಟರು ಬಿಡಲಿಲ್ಲ. "ಉಳಿದ ಒಂದನ್ನ ಏನ್ಮಾಡ್ತೀಯಾ?"

"ಒಣಗಿಸಿ ಇಡ್ತೀವ್ರಿ ಸರ. ನಾಳಿಗಿ ಒಂದು ರೊಟ್ಟಿ ಕಮ್ಮಿ ಬಡದ್ರ ಆಯ್ತು."

ಅವರು ಯಾರ ಮುಖವನ್ನೂ ನೋಡದೆ ಪಾಸ್ ಎಂದು ಬರೆದರು.

ಆಮೇಲೆ ನಿವೃತ್ತಿಯವರೆಗೂ, ಯಾವ ತಾಯಿಗಾದರೂ ಬುದ್ಧಿ ಹೇಳುವ ಮೊದಲು "ಮಗು ಮನೇಲಿ ಏನೇನ್ ಮಾಡುತ್ತೆ?" ಎಂದು ಕೇಳುತ್ತಿದ್ದೆ. ನೌಕರಿ ನನಗೆ ಕಲಿಸಿದ ಪಾಠ ಅದು. ಹೆಡ್ ಮಾಸ್ಟರ ಮೇಲಿನ ಸಿಟ್ಟು ಅವರು ರಿಟೈರ್ ಆದ ದಿನವೇ ಇಳಿಯಿತು. ಆದರೆ ಲೆಕ್ಕ ಬರುತ್ತಿದ್ದ ಮಗುವನ್ನು ಎರಡು ತಿಂಗಳು ಗೋಡೆಗೆ ಮುಖ ಮಾಡಿ ಕೂರಿಸಿದವಳು ನಾನು. ಆ ಸಿಟ್ಟು ಇಳಿದಿಲ್ಲ.